ಮೊದಲು ಕೂಡುವ ಹುಲಿಗೆವ್ವ

ದೌಲತರಾಯ ಕತೆಯೊಳಗೆ ಕಾಲಿಟ್ಟರೆ ಸಾಕು, ಶಹಾಪುರದ ಆ ರೊಟ್ಟಿ ಕೇಂದ್ರದಲ್ಲಿ ರೊಟ್ಟಿ ಹರಿಯುತ್ತಿದ್ದವು.

ಅವನು ಕಾದಂಬರಿಯೊಂದರ ಗುತ್ತಿಗೆದಾರ. ಕಾಲುವೆ ಕೆಲಸಕ್ಕೆ ಬಂದ ಹೆಣ್ಣಾಳುಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ, ತಾನು ಬೇವಿನ ನೆರಳಲ್ಲಿ ಕೂತು ಎಲೆ ಅಡಿಕೆ ಮೆಲ್ಲುವವನು. ರೊಟ್ಟಿ ಬಡಿಯುವವರಿಗೆ ಓದಿ ಹೇಳುತ್ತ ಕೂತ ನಾಗಲಕ್ಷ್ಮಿ ಅವನ ಹೆಸರಿಗೆ ಬಂದಳೆಂದರೆ, ಅಲ್ಲಿಯವರೆಗೆ ತಾಳ ಹಿಡಿದಂತೆ ಪಟಪಟ ಎನ್ನುತ್ತಿದ್ದ ಅಂಗೈಗಳು ಧಪ್ ಧಪ್ ಎನ್ನತೊಡಗುತ್ತಿದ್ದವು. ಹನುಮಮ್ಮನ ಹೊಡೆತಕ್ಕಂತೂ ಹಿಟ್ಟಿನ ನಟ್ಟನಡುವೆ ತೂತು.

"ಯಕ್ಕ, ಅದು ರೊಟ್ಟಿ. ದೌಲತರಾಯನ ಕಪಾಳ ಅಲ್ಲ," ಎನ್ನುವಳು ಪಕ್ಕದ ಹಂಚಿನ ದೇವಕ್ಕ.

"ನನಗ ಗೊತ್ತದ ತಗೋ. ಕೈಗೆ ಗೊತ್ತಿಲ್ಲ."

ನಾಗಲಕ್ಷ್ಮಿ ದೇವಾಪುರದವಳು. ಅವಳೂ ಎಲ್ಲರಂತೆ ರೊಟ್ಟಿ ಬಡಿಯಲು ಬಂದವಳೇ. ಬಡಿದು ಬಡಿದು ಬಲಗೈ ಮಣಿಕಟ್ಟು ಬಾತು, ಇನ್ನು ಕೈ ಎತ್ತಬೇಡ ಎಂದು ಡಾಕ್ಟರು ಹೇಳಿದ ದಿನ ಅವಳು ತನ್ನ ಬುತ್ತಿಗಂಟು ಎತ್ತಿಕೊಂಡು ಹೊರಟಿದ್ದಳು. ಹನುಮಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗಿ ಹೊಂಟಿ? ನೀ ಸುರಪುರದಾಗ ಅದೇನೋ ಓದುಗರ ಬಳಗಕ್ಕ ಹೋಗ್ತಿಯಲ್ಲ, ಅಲ್ಲಿಂದ ಒಂದು ಕತಿ ಪುಸ್ತಕ ತಗೊಂಡು ಬಾ. ನಿನ್ನ ಪಾಲಿನ ರೊಟ್ಟಿ ನಾವು ಬಡೀತೀವಿ. ನೀ ಬಾಯಿ ನಡಸು."

ಹಾಗೆ ಬಂದದ್ದು ಈ ಕಾದಂಬರಿ. ರಟ್ಟು ಹೋಗಿದೆ, ಮೊದಲ ಪುಟಗಳೂ ಹೋಗಿವೆ. ಹೆಸರೇನು, ಬರೆದವರು ಯಾರು, ಒಂದೂ ಗೊತ್ತಿಲ್ಲ. ಆದರೆ ಕಾಲುವೆಯ ಆಳು ಹುಲಿಗೆವ್ವ ಗೊತ್ತು. ತಮ್ಮ ಅತ್ತೆ, ನಾದಿನಿಯರಿಗಿಂತ ಹೆಚ್ಚು ಗೊತ್ತು. ಬಳಗದಲ್ಲಿ ಓದಿದ ಮೇಲೆ ಪ್ರತಿಯೊಬ್ಬರೂ ತಮಗೆ ಹಿಡಿಸಿದ್ದನ್ನು ಹೇಳುವ ರೂಢಿ ಇತ್ತು. ನಾಗಲಕ್ಷ್ಮಿ ಆ ರೂಢಿಯನ್ನು ಚಹಾದ ಹೊತ್ತಿಗೆ ತಂದಳು. ಬಳಗದಲ್ಲಿ ಜನ ಗಂಟಲು ಸರಿಮಾಡಿಕೊಂಡು ಮಾತಾಡುತ್ತಿದ್ದರು. ಇಲ್ಲಿ ಜಗಳವೇ ಆಗುತ್ತಿತ್ತು.

"ನನಗ ಅಕಿ ಉಣ್ಣೂದು ಸೇರ್ತದ," ಎಂದಳು ದೇವಕ್ಕ. "ಜಗಳ ಆದ ದಿನ ಎರಡು ರೊಟ್ಟಿ ಹೆಚ್ಚಿಗಿ ತಿಂತಾಳ. ನಮ್ಮಂಗ ಸಿಟ್ಟಿಗಿ ಉಪಾಸ ಬೀಳಂಗಿಲ್ಲ."

"ನನಗ ಅಕಿ ಮೂಗುತಿ," ಎಂದಳು ಖುರ್ಷೀದಬೇಗಂ. "ಸಿಟ್ಟಿಗೆದ್ದಾಗ ಹೆಂಗ ಹೊಳೀತದ!"

"ಬುವಾ, ಪುಸ್ತಕದಾಗ ಮೂಗುತಿ ಎಲ್ಲದ?" ಎಂದಳು ನಾಗಲಕ್ಷ್ಮಿ.

"ಬರೆದವನು ಗಂಡಸಿರಬೇಕ. ಮಾರಿ ನೋಡಿಲ್ಲ. ನಾ ನೋಡೀನಿ."

"ಮಾರಿ ನನ್ನಂಗ ಕಪ್ಪು," ಹನುಮಮ್ಮ ತೀರ್ಪು ಕೊಟ್ಟಳು. "ಎತ್ತರನೂ ನನ್ನಷ್ಟ."

"ನಿನ್ನಂಗ ಇದ್ದಿದ್ರ ದೌಲತರಾಯ ಆವತ್ತೇ ಗುಂಟೂರ ಕಡಿ ಓಡಿಹೋಗ್ತಿದ್ದ. ಪುಸ್ತಕ ಅಲ್ಲಿಗೇ ಮುಗೀತಿತ್ತು," ಎಂದಳು ದೇವಕ್ಕ. ಚಹಾ ಕುಡಿಯುತ್ತಿದ್ದ ಖುರ್ಷೀದಬೇಗಂಗೆ ನೆತ್ತಿಗೆ ಹತ್ತಿತು.

ಆದರೆ ಒಂದು ವಿಷಯಕ್ಕೆ ಎಲ್ಲರೂ ಒಂದೇ. ಹುಲಿಗೆವ್ವ ಯಾರ ಮುಂದೆ ಹೋದರೂ, ಅದು ಗೌಡನ ಕಟ್ಟೆಯಾಗಲಿ ಸಾಹೇಬನ ಕಚೇರಿಯಾಗಲಿ, ಮೊದಲು ಕೂಡಲು ಜಾಗ ಹುಡುಕುತ್ತಾಳೆ. ಯಾರಾದರೂ ದುರುಗುಟ್ಟಿದರೆ, "ಮೊದಲ ಕುಂದರ್ತೀನಿ. ಆಮ್ಯಾಲ ಮಾತ," ಎನ್ನುತ್ತಾಳೆ. ಕೂಲಿ ಮಾಡುವ ಹೆಂಗಸು ಧಣಿಯ ಮುಂದೆ ನಿಂತೇ ಇರಬೇಕು ಎಂದು ಯಾವ ಸರಕಾರವೂ ಬರೆದಿಲ್ಲ. ಬರೆದಿದ್ದರೆ ಹರಿದು ಹಾಕಬಹುದಿತ್ತು. ಇದು ಮೊಣಕಾಲಿನಲ್ಲಿ ಕೂತಿರುವ ಕಾನೂನು.

ಆ ಮಾತು ಪುಸ್ತಕದಿಂದ ಇಳಿದು ಊರೊಳಗೆ ನಡೆಯಿತು. ಗೋಗಿಗೆ ಹೋಗುವ ಆಟೋದಲ್ಲಿ ಗಂಡಸರಿಗೆ ಜಾಗ ಬಿಡು ಎಂದ ಡ್ರೈವರನಿಗೆ ಹನುಮಮ್ಮ ಅದನ್ನೇ ಹೇಳಿದಳು, ಬಿಡಲಿಲ್ಲ. ಮಗಳ ಮದುವೆ ಮಾತಿಗೆ ಹೋದ ದೇವಕ್ಕ, ಅಡುಗೆಮನೆ ಬಾಗಿಲಲ್ಲಿ ನಿಲ್ಲುವ ಬದಲು ನಡುಮನೆಯ ಹೊರಸಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಬೀಗತಿಯೇ ಒಳಗಿನಿಂದ ಬಂದು ಅವಳ ಪಕ್ಕ ಕೂತು, "ನನಗೂ ಮೊಣಕಾಲ ನೋಯಾಕತ್ತಿದ್ವು ನೋಡವಾ," ಎಂದಳಂತೆ.

ಒಮ್ಮೆಯೂ ಹಾಗೆ ಕೂತಿರದವಳು ನಾಗಲಕ್ಷ್ಮಿ ಒಬ್ಬಳೇ. ಆ ಸಾಲನ್ನು ಗಟ್ಟಿ ದನಿಯಲ್ಲಿ ಓದುವವಳು ಅವಳು. ಆದರೆ ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಎದುರಿಗೆ ಕುರ್ಚಿ ಖಾಲಿ ಇದ್ದರೂ ಕಾಲು ತಾವಾಗಿ ಜೋಡಿಯಾಗಿ ನಿಂತುಬಿಡುತ್ತಿದ್ದವು.

ಶನಿವಾರ ಕೇಂದ್ರದ ಮಾಲೀಕ ಬಸವಂತ್ರಾಯ ಹರಿದ ರೊಟ್ಟಿಯ ಬುಟ್ಟಿ ಹಿಡಿದು ಒಳಗೆ ಬಂದ. ಕೆಟ್ಟವನಲ್ಲ, ಯಾರ ಕೂಲಿಯನ್ನೂ ಹಿಡಿದಿಟ್ಟವನಲ್ಲ. ಆದರೆ ಯಾದಗಿರಿಯ ಅಂಗಡಿಯವರು ಚೂರು ರೊಟ್ಟಿಯನ್ನು ವಾಪಸ್ ಕಳಿಸಿದ್ದರು.

"ಏನಿವು? ರೊಟ್ಟಿ ಏನ, ಜರಡಿ ಏನ? ಓದೂದು ಬಂದ್! ಸೋಮಾರದಿಂದ ನಾಗಲಕ್ಷ್ಮಿ ಬಡದ್ರ ಬಡೀಲಿ, ಇಲ್ಲಾಂದ್ರ ಮನಿ ಹಾದಿ ಹಿಡೀಲಿ."

ಬಡಿಯುವ ಕೈ ಅವಳಿಗಿಲ್ಲ. ಅಂದರೆ ಉಳಿದದ್ದು ಮನೆಯ ಹಾದಿ. ಭಾನುವಾರವೆಲ್ಲ ಅವಳು ಮಾಲೀಕನಿಗೆ ಹೇಳಬೇಕಾದ ಮಾತುಗಳನ್ನು ಪಾಠದಂತೆ ಒಪ್ಪಿಸಿಕೊಂಡಳು.

ಸೋಮವಾರ ಬೆಳಿಗ್ಗೆ ನಾಲ್ವರೂ ಅವನ ಕೋಣೆಗೆ ಹೋದರು. ಬಸವಂತ್ರಾಯ ಮೇಜಿನ ಆಚೆ ನಿಂತು ಫೋನಿನಲ್ಲಿ ಯಾರೊಂದಿಗೋ ಜೋಳದ ಮಾತು ಆಡುತ್ತಿದ್ದ. ಮೇಜಿನ ಈಚೆ, ವ್ಯಾಪಾರಿಗಳು ಬಂದರೆ ಇರಲೆಂದು ಟವೆಲ್ ಹಾಸಿಟ್ಟ ಕುರ್ಚಿ. ಹೆಂಗಸರು ರೂಢಿಯಂತೆ ಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತರು. ಅವನು ಫೋನು ಇಳಿಸಿ, "ಏನು?" ಎಂದ.

ಒಪ್ಪಿಸಿಕೊಂಡ ಪಾಠವೆಲ್ಲ ಹಾರಿಹೋಯಿತು. ನಾಗಲಕ್ಷ್ಮಿಯ ಕಣ್ಣು ಮಾತ್ರ ಕುರ್ಚಿಯ ಮೇಲಿತ್ತು. ಹಿಂದಿನಿಂದ ಯಾರೋ, ಹನುಮಮ್ಮನೇ ಇರಬೇಕು, ಸಣ್ಣಗೆ ಕೆಮ್ಮಿದರು. ನಾಗಲಕ್ಷ್ಮಿ ಮುಂದೆ ಹೆಜ್ಜೆಯಿಟ್ಟಳು, ಟವೆಲನ್ನು ಮಡಿಚಿ ಮೇಜಿನ ಮೇಲಿಟ್ಟಳು, ಕೂತಳು. ಕುರ್ಚಿ ಕಿರ್ರೆಂದಿತು.

"ಇದೇನು?"

"ಮೊದಲ ಕುಂದರ್ತೀನ್ರಿ. ಆಮ್ಯಾಲ ಮಾತ."

ಅವಳ ದನಿ ಅವಳಿಗೇ ಹೊಸದೆನಿಸಿತು. ಬೆನ್ನ ಹಿಂದೆ ಸದ್ದಾಯಿತು. ಹನುಮಮ್ಮ ಹಿಟ್ಟಿನ ಚೀಲದ ಮೇಲೆ ಕೂತಿದ್ದಳು, ದೇವಕ್ಕ ಬೋರಲು ಹಾಕಿದ ಡಬ್ಬಿಯ ಮೇಲೆ. ಖುರ್ಷೀದಬೇಗಂಗೆ ಸಿಕ್ಕದ್ದು ತೂಕದ ಯಂತ್ರ. ಮುಳ್ಳು ಗಿರ್ರನೆ ತಿರುಗಿತು.

"ಖುರ್ಷೀದಬಿ! ಅದು ಚೀಲ ತೂಗೂದು!"

"ಇರ್ಲಿ ತಗೋರಿ ಸಾವ್ಕಾರ್ರ. ಎಷ್ಟದೀನಿ ಅಂತ ಜರಾ ನೋಡಿ ಹೇಳ್ರಿ."

ಆ ಕೋಣೆಯಲ್ಲಿ ಈಗ ನಿಂತಿದ್ದವನು ಬಸವಂತ್ರಾಯ ಒಬ್ಬನೇ. ಅದು ಅವನಿಗೂ ಹೊಳೆಯಿತು. ಗಡಬಡಿಸಿ ತನ್ನ ಕುರ್ಚಿಯಲ್ಲಿ ಕೂತ.

"ರೊಟ್ಟಿ ಹರಿಯೂದು ಖರೇ ಅದರಿ," ನಾಗಲಕ್ಷ್ಮಿ ಶುರುಮಾಡಿದಳು. "ಆದ್ರ ಓದೂದ್ರಿಂದ ಅಲ್ಲ. ದೌಲತರಾಯನಿಂದ."

"ಯಾರವ ದೌಲತರಾಯ? ಅವನ ಒಳಗ ಯಾರು ಬಿಟ್ರು?"

ಹೆಂಗಸರು ನಕ್ಕ ನಗೆಗೆ ತೂಕದ ಮುಳ್ಳು ಮತ್ತೆ ಕುಣಿಯಿತು. ನಾಗಲಕ್ಷ್ಮಿ ಗುತ್ತಿಗೆದಾರನ ಗುಣವನ್ನೆಲ್ಲ ಬಿಡಿಸಿ ಹೇಳಿದಳು. ದೇವಕ್ಕ ಸೆರಗಿನಿಂದ ಒಂದು ರೊಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ತೆಳ್ಳಗೆ, ದುಂಡಗೆ, ಅಂಚಿನಲ್ಲಿ ಒಂದು ಬಿರುಕಿಲ್ಲ.

"ಇದು ಹುಲಿಗೆವ್ವ ಬಂದಾಗ ಬಡದಿದ್ದು ನೋಡ್ರಿ. ಅಕಿ ಇದ್ರ ಕೈ ತಾನ ಹಗುರ ಆಗ್ತದ."

"ಅದಕ್ಕ ಹೇಳ್ತೀನ್ರಿ," ಎಂದಳು ನಾಗಲಕ್ಷ್ಮಿ. "ರೊಟ್ಟಿ ಬಡಿಯೂವಾಗ ಹುಲಿಗೆವ್ವನ ಪುಟ ಓದ್ತೀನಿ. ದೌಲತರಾಯನ ಪುಟ ಎತ್ತಿಟ್ಟು, ಮಧ್ಯಾಹ್ನ ಶೇಂಗಾ ಹಿಂಡಿ ಕುಟ್ಟೂವಾಗ ಓದ್ತೀನಿ. ಕತಿ ಜರಾ ಹಿಂದಮುಂದ ಆಗ್ತದ, ಇವ್ರು ಒಪ್ಯಾರ."

ರೊಟ್ಟಿಯ ಜೊತೆ ಮಾರುವ ಆ ಚಟ್ನಿಪುಡಿ ಸಣ್ಣಗಾಗಿಲ್ಲ, ಹಲ್ಲಿಗೆ ಸಿಗುತ್ತದೆ ಎಂಬ ದೂರು ಅದೇ ಅಂಗಡಿಯವರದ್ದು. ಬಸವಂತ್ರಾಯ ಮೀಸೆ ತೀಡಿಕೊಂಡ.

"ಎಷ್ಟು ಪುಟ ಅದಾನ ಅವ?"

"ಭಾಳ ಅದಾನ್ರಿ."

"ಹಂಗಾದ್ರ ಇನ್ನೆರಡು ಚೀಲ ಶೇಂಗಾ ತರಸ್ತೀನಿ."

ಅಲ್ಲಿಗೆ ಎದ್ದು ಬರಬಹುದಿತ್ತು. ಹನುಮಮ್ಮ ಏಳಲು ಚೀಲಕ್ಕೆ ಕೈಯೂರಿಯೂ ಆಗಿತ್ತು. ನಾಗಲಕ್ಷ್ಮಿ ಏಳಲಿಲ್ಲ.

"ಇನ್ನೊಂದ ಅದರಿ. ನನ್ನ ಪಾಲಿನ ರೊಟ್ಟಿ ಇವ್ರು ಬಡದು ಬಡದು ಇವ್ರ ಕೈನೂ ನನ್ನ ಕೈ ಆಗ್ತದ. ಓದೂದೂ ಕೆಲಸ. ಅದಕ್ಕ ಹಾಜರಿ ಹಾಕ್ರಿ."

"ಬಾಯಿಗೂ ಕೂಲಿ ಕೊಡಬೇಕೇನ?"

"ದೌಲತರಾಯನೂ ಹಿಂಗ ಅಂದಿದ್ದ," ಎಂದಳು ಹನುಮಮ್ಮ, ತನ್ನಷ್ಟಕ್ಕೆ ಎಂಬಂತೆ.

"ಏ, ನಾ ಅವನಂಗ ಅಲ್ಲ!"

"ಅದು ಇನ್ನ ಮುಂದಿನ ಪುಟದಾಗ ಗೊತ್ತಾಗ್ತದ್ರಿ."

ಬಸವಂತ್ರಾಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಚೀಲದ ಮೇಲೆ, ಡಬ್ಬಿಯ ಮೇಲೆ, ತೂಕದ ಯಂತ್ರದ ಮೇಲೆ ಆರಾಮಾಗಿ ಕೂತಿದ್ದವರು ಸಂಜೆಯವರೆಗೆ ಹಾಗೇ ಕೂತಿರುವವರಂತೆ ಕಂಡರು. ಹೊರಗೆ ಹಂಚುಗಳು ಆರುತ್ತಿದ್ದವು.

"ಆಯ್ತು, ಹಾಕ್ತೀನಿ. ಮೊದಲ ಆ ಮಶೀನ ಮ್ಯಾಲಿಂದ ಖುರ್ಷೀದಬೀನ ಇಳಸ್ರಿ."

ಆ ಮಧ್ಯಾಹ್ನ ಒರಳಿನ ಸುತ್ತ ಒನಕೆಗಳು ಎದ್ದವು. ನಾಗಲಕ್ಷ್ಮಿ ಎತ್ತಿಟ್ಟ ಪುಟ ತೆರೆದಳು. ದೌಲತರಾಯ ಬೇವಿನ ನೆರಳಿಗೆ ಬಂದು ಕೂತದ್ದೇ ತಡ, ಗೋಡೆಯ ಸುಣ್ಣ ಉದುರುವಂತೆ ಕುಟ್ಟುವ ಕೆಲಸ ನಡೆಯಿತು. ಹಿಂಡಿ ಹಿಟ್ಟಿನಷ್ಟು ನುಣ್ಣಗಾಯಿತು. ಬಾಗಿಲಲ್ಲಿ ನೆರಳು ಬಿತ್ತು. ಬಸವಂತ್ರಾಯ ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದ.

"ಆ ಬದ್ಮಾಶ ಇನ್ನೂ ನೆರಳಾಗೇ ಕುಂತಾನೇನ?" ಎಂದು ಕೇಳಿದ.

ಒನಕೆ ಎತ್ತಿದ್ದ ಹನುಮಮ್ಮ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಸಾವ್ಕಾರ್ರ, ಮೊದಲ ಕುಂದರ್ರಿ. ಆಮ್ಯಾಲ ಮಾತ."