ಗೇಣು ಗಿಡ್ಡವಾದ ಹಗ್ಗ

ಓರಿನ್ ಜೀನಿನಲ್ಲಿ ಕೂತು ಹಿಂದಕ್ಕೆ ಒರಗಿದ್ದೇ ತಡ, ಹಿತ್ತಲ ಮೇಪಲ್ ಮರದ ತೊಗಟೆ ಮೂಗಿಗೇ ಬಂತು. ಥೂ! ಯಾರೋ ಸೇತುವೆಗೆ ಕೈ ಹಾಕಿದ್ದಾರೆ.

ಜಿಂಕೆ ಬೇಟೆಗೆ ಮರ ಹತ್ತುವವರು ಸೊಂಟಕ್ಕೆ ಬಿಗಿದುಕೊಳ್ಳುವ ಆ ಜೀನಿನಲ್ಲಿ, ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಗೆ ಹೊಟ್ಟೆಯ ಮುಂದೆ ಹಾಯುವ ಹಗ್ಗಕ್ಕೆ ಸೇತುವೆ ಎಂದು ಹೆಸರು. ಮರದಿಂದ ಇಳಿಬಿದ್ದ ಹಗ್ಗದ ಮೇಲೆ, ಒತ್ತಿದರಷ್ಟೇ ಜಾರುವ ಒಂದು ಗಂಟಿಗೆ ಅದನ್ನು ಸಿಕ್ಕಿಸಿ ಜೋತಾಡುತ್ತ ಕೂರಬೇಕು. ಅದರ ಉದ್ದ ಒಬ್ಬನಿಗೆ ಹೊಂದಿದ್ದು ಇನ್ನೊಬ್ಬನಿಗೆ ಹೊಂದದು. ಓರಿನ್ ತನ್ನ ಹಾಳು ಬೆನ್ನಿಗೆ ಸರಿಯಾದ ಅಳತೆ ಹುಡುಕಲು ಎರಡು ಹಂಗಾಮು ತಿಣುಕಿದ್ದ. ಈಗ ನೋಡಿದರೆ ಗೇಣು ಗಿಡ್ಡ.

ಗಿಡ್ಡ ಅಂದಮೇಲೆ ಕ್ಲೆಮ್ಮನೇ. ಹೆಂಡತಿಯ ತಮ್ಮ, ಕುಳ್ಳ. ಹೊಳೆಯಂಚಿನ ಓಕ್ ಮರದ ಕೆಳಗೆ ದೊಡ್ಡ ಕೊಂಬಿನ ಗಂಡು ಜಿಂಕೆ ಓಡಾಡುತ್ತಿದೆ ಎಂದು ಗೊತ್ತಾದಾಗಿನಿಂದ ಅವನ ಬಾಯಲ್ಲಿ ಬರೀ ಆ ಮರದ್ದೇ ಮಾತು. ತನ್ನ ಮರಕ್ಕೆ, ತನ್ನದೇ ಜೀನಿನಲ್ಲಿ! ಓರಿನ್‌ಗೆ ಮೈಯೆಲ್ಲ ಉರಿಯಿತು. ನೇರ ಅವನ ಟೈರ್ ಅಂಗಡಿಗೆ ಹೋದ.

"ನನ್ನ ಜೀನು ಮುಟ್ಟಿದ್ಯೇನೋ?"

"ಅಯ್ಯೋ ಭಾವ, ಅದು ನನ್ನ ಹೊಟ್ಟೆಗೆ ಎಲ್ಲಿ ಹತ್ತುತ್ತೆ? ಕುದುರೆ ಜೀನೇ ಬೇಕು ನಂಗೆ."

ನಕ್ಕ. ಆದರೆ ಕಣ್ಣು ಮಾತ್ರ ಕೈಯಲ್ಲಿದ್ದ ಟೈರಿನ ಮೇಲೇ ಇತ್ತು. ಕಳ್ಳ ನನ್ಮಗ, ಎಂದುಕೊಂಡು ಓರಿನ್ ಸೇತುವೆಯನ್ನು ಮೊದಲಿನ ಅಳತೆಗೆ ತಂದು, ಜೀನನ್ನು ಕೊಟ್ಟಿಗೆಯ ಮೊಳೆಗೆ ತೂಗುಹಾಕಿದ.

ಶನಿವಾರ ಮಧ್ಯಾಹ್ನ ಪೇಟೆಗೆ ಹೋಗುತ್ತೇನೆಂದು ಹೆಂಡತಿ ವೆರ್ನಾಗೆ ಹೇಳಿ ಟ್ರಕ್ ಹತ್ತಿದ. ಅದನ್ನು ಚರ್ಚಿನ ಹಿಂದೆ ನಿಲ್ಲಿಸಿ, ಒಣಗಿ ನಿಂತ ಜೋಳದ ಹೊಲದೊಳಗೇ ನುಸುಳಿಕೊಂಡು ವಾಪಸ್ ಬಂದ. ಅರವತ್ತು ದಾಟಿದವನು ಸ್ವಂತ ಮನೆಗೆ ಹೀಗೆ ಕಳ್ಳನಂತೆ ಬರಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು. ಅಷ್ಟರಲ್ಲಿ ಮೇಪಲ್ ಮರದ ಕಡೆಯಿಂದ ದನಿ ಕೇಳಿಸಿತು.

"ಇಳಿಯೋ ಮುದುಕಾ! ಇಳಿ ಅಂದ್ರೆ ಇಳೀಬೇಕು!"

ವೆರ್ನಾ. ಮರಕ್ಕೆ ಏಣಿ ಹಾಕಿ ಮೇಲೆ ನಿಂತಿದ್ದಾಳೆ. ಪಕ್ಕದಲ್ಲಿ ಅವನ ಜೀನು ತೂಗುತ್ತಿದೆ, ಒಳಗೆ ಎರಡು ಜೋಳದ ಮೂಟೆ. ಮೂಟೆ ಜಾರದಂತೆ ಸೇತುವೆಯನ್ನು ಮತ್ತೆ ಗಿಡ್ಡ ಮಾಡಿದ್ದಾಳೆ. ಹಗ್ಗದ ಮೇಲಿನ ಗಂಟನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತುತ್ತಿದ್ದಾಳೆ.

"ಏನೇ ಇದು?"

ಅವಳು ಬೆಚ್ಚಲೂ ಇಲ್ಲ. "ಪೇಟೆ ಇಷ್ಟು ಬೇಗ ಮುಗೀತಾ?"

"ನನ್ನ ಜೀನಲ್ಲಿ ಏನ್ ಮಾಡ್ತಿದೀಯ ಅಂದೆ."

"ಹೋದ ವಾರ ಕೆನ್ನೆ ತರಚ್ಕೊಂಡು ಬಂದೆಯಲ್ಲ, ಕೊಂಬೆ ತಾಗ್ತು ಅಂತ. ಕೊಂಬೆ ತಾಗಿದ್ರೆ ಜಾಕೆಟ್ ಮೇಲೆಲ್ಲ ವಾಂತಿ ಯಾಕಿತ್ತು?"

ಓರಿನ್ ಕೆನ್ನೆ ಸವರಿಕೊಂಡ. ಆವತ್ತು ಮರದ ಮೇಲೆ ಕಣ್ಣು ಕತ್ತಲಿಟ್ಟಿತ್ತು. ಎಚ್ಚರವಾದಾಗ ತಲೆಯನ್ನು ಕಾಂಡಕ್ಕೆ ಆನಿಸಿಕೊಂಡು ನೇತಾಡುತ್ತಿದ್ದ. ಎಷ್ಟು ಹೊತ್ತು ಹಾಗಿದ್ದನೋ ದೇವರೇ ಬಲ್ಲ. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಮರ ಹತ್ತುವುದಕ್ಕೆ ಕಲ್ಲು ಬೀಳುತ್ತಿತ್ತು.

"ಬೇಡ ಅಂದ್ರೆ ಬಿಡ್ತೀಯಾ? ಬಿಡಲ್ಲ. ಕದ್ದಾದ್ರೂ ಹೋಗ್ತೀಯ," ಎಂದಳು. "ಅದಕ್ಕೇ ಕ್ಲೆಮ್ ಹತ್ರ ಗಂಟು ಜಾರಿಸಿ ನಿನ್ನ ಕೆಳಗಿಳಿಸೋದು ಕಲ್ತೆ. ಸೋಮವಾರ ಡಾಕ್ಟರ ಹತ್ರ ಹೋಗೋದು. ಈಗ ಮೂಟೆ ಬಿಚ್ಚಿ ನೀನು ಕೂತ್ಕೋ. ಪ್ರಜ್ಞೆ ತಪ್ಪಿದವನ ಹಾಗೆ ಜೋತು ಬೀಳು."

"ಹುಚ್ಚಾ ನಿಂಗೆ?"

"ಕೂತ್ಕೋ ಅಂದೆ."

ಅವನು ಮೂಟೆ ಇಳಿಸಿ, ಸೇತುವೆಯನ್ನು ತನ್ನ ಅಳತೆಗೆ ಸಡಿಲಿಸಿ, ಏಣಿಯಿಂದ ಜೀನಿಗೆ ದಾಟಿ, ಕೈ ಇಳಿಬಿಟ್ಟು ಕಣ್ಣು ಮುಚ್ಚಿದ. ಅವಳು ಗಂಟು ಹಿಡಿದು ಒತ್ತಿದಳು. ನಿಲ್ಲಿಸಿದಳು.

"ಮೋಸ ಮಾಡ್ತಿದೀಯ. ಕಾಲು ಮರಕ್ಕೆ ಕೊಟ್ಟಿದೀಯ."

"ಇಲ್ಲ."

"ಓರಿನ್."

ಅವನು ಕಾಲು ತೆಗೆದ. ಇಡೀ ಭಾರ ಹಗ್ಗಕ್ಕೆ ಬಿತ್ತು, ತಲೆ ಎದೆಗೆ ವಾಲಿತು. ಕಿವಿಯ ಹತ್ತಿರ ಅವಳ ಏದುಸಿರು ಕೇಳುತ್ತಿತ್ತು. ಗಂಟು ಮೊದಲು ಜಗ್ಗಲಿಲ್ಲ. ಆಮೇಲೆ ಒಂದು ಬೆರಳಿನಷ್ಟು ಜಾರಿತು, ಇನ್ನೊಂದಿಷ್ಟು ಜಾರಿತು. ಅವನು ಕಣ್ಣು ತೆರೆಯಲಿಲ್ಲ.