ಹೊಲಿದ ಜೇಬುಗಳ ಕೋಟು

ಗುಂಡ್ಲುಪೇಟೆಯ ದರ್ಜಿ ಗೌಸ್ ಮೊಹಿದ್ದೀನರಿಗಿಂತ ಅರ್ಧ ಗಳಿಗೆ ಮೊದಲೇ ಅವರ ಕೋಟು ಅಂಗಡಿಗೆ ಬಂದು ಕೂರುತ್ತಿತ್ತೆಂದು ಜನ ಹೇಳುತ್ತಿದ್ದುದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಊರಿನ ಸಕಲ ಅಂಗಿಚಡ್ಡಿಗಳಿಂದ ಉಳಿದ ಚಿಂದಿಯನ್ನೆಲ್ಲ ಕೂಡಿಸಿ ಹೊಲಿದ ಆ ಮಹಾವಸ್ತ್ರದ ಒಳಗೆ, ಹೊರಗೆ, ಬೆನ್ನಿಗೆ, ಕಂಕುಳಿಗೆ, ಎಲ್ಲೆಲ್ಲಿಯೂ ಜೇಬುಗಳೇ. ಸಾಬರು ನಡೆದರೆ ತರಗೆಲೆಯ ಮೇಲೆ ಆನೆ ನಡೆದಂಥ ಸರಬರ ಸದ್ದು. ಬಂಡೀಪುರದ ಕಡೆಯಿಂದ ಬಂದ ಲಾರಿಯವರು ಆ ಸದ್ದಿಗೆ ಬೆಚ್ಚಿ ಹಾರನ್ ಹೊಡೆದದ್ದೂ ಉಂಟು.

ಸದ್ದು ಕಾಗದದ್ದು. ರಸ್ತೆಗೆ ಜಲ್ಲಿ ಒಡೆಯಲು ಬಂದ ಕೂಲಿಗಳು ಮರದಡಿ ಗೋಣಿತಾಟಿನ ಗುಡಾರ ಹಾಕುತ್ತಿದ್ದರು. ಕೆಲಸ ಸರಿದಂತೆ ಗುಡಾರವೂ ಹಂಗಳಕ್ಕೋ ತೆರಕಣಾಂಬಿಗೋ ಸರಿಯುತ್ತಿತ್ತು. ಹೋದಲ್ಲೆಲ್ಲ ಅವರ ಮಕ್ಕಳನ್ನು ಸ್ಕೂಲಿಗೆ ಸೇರಿಸಬೇಕಾದರೆ ವರ್ಗಾವಣೆ ಪತ್ರ ಬೇಕು, ಪತ್ರ ಇಡಲು ಪೆಟ್ಟಿಗೆ ಬೇಕು, ಪೆಟ್ಟಿಗೆ ಇಡಲು ಗೋಡೆ ಬೇಕು. ಒಮ್ಮೆ ಒಬ್ಬ ಹುಡುಗನ ಪತ್ರವನ್ನು ಮೇಕೆ ತಿಂದು, ಹುಡುಗ ಮತ್ತೆ ಒಂದನೇ ಕ್ಲಾಸಿನಲ್ಲಿ ಕೂರಬೇಕಾಯಿತು; ಮೇಕೆ ಮಾತ್ರ ಐದನೆಯದಕ್ಕೆ ಪಾಸಾಯಿತೆಂಬುದು ಗುಂಡ್ಲುಪೇಟೆಯ ಅಚಲ ನಂಬಿಕೆ. ಅಂದಿನಿಂದ ಸಾಬರು ಗುಡಾರದ ಪ್ರತಿ ಮಗುವಿಗೂ ಒಂದು ಜೇಬು ಕೊಟ್ಟರು. ಕಾಗದವಿಟ್ಟು, ಮೇಕೆಯ ಭಯಕ್ಕೆ, ಜೇಬಿನ ಬಾಯನ್ನು ಹೊಲಿದೇ ಬಿಡುತ್ತಿದ್ದರು.

ಐವತ್ತಾರನೇ ಇಸವಿಯ ಬೇಸಗೆಯಲ್ಲಿ ಗುಡಾರದ ಚಾಮುಂಡಿ ಮಿಡ್ಲ್ ಸ್ಕೂಲ್ ಪರೀಕ್ಷೆಗೆ ಕಟ್ಟಿದಳು. ಪಾಸಾದರೆ ಹೈಸ್ಕೂಲು, ತಪ್ಪಿದರೆ ಜಲ್ಲಿಯ ಸುತ್ತಿಗೆ. ಆ ವಾರವೇ ಸಾಬರ ಕತ್ತು ಮರದ ಕೊರಡಿನಂತೆ ಸೆಟೆದು ನಿಂತಿತು. ಹೆಂಡತಿ ಮೆಹರ್ ಬಾನು ಎಣ್ಣೆ ತಿಕ್ಕಿ ತಿಕ್ಕಿ ಎರಡು ಗಾಣಗಳನ್ನು ಬರಿದು ಮಾಡಿದರೂ ಅದು ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ಆ ಕತ್ತನ್ನೇ ಹೊತ್ತು ಅವರು ಹುಡುಗಿಯೊಂದಿಗೆ ಚಾಮರಾಜನಗರದ ಬಸ್ಸು ಹತ್ತಿದರು.

"ಹಾಲ್ ಟಿಕೆಟ್ಟು ಎಲ್ಲಿ?" ಎಂದರು ಪರೀಕ್ಷೆಯ ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕ ಶಿವರುದ್ರಸ್ವಾಮಿಗಳು.

ಟಿಕೆಟ್ಟು ಕೋಟಿನಲ್ಲಿತ್ತು, ಕತ್ತರಿ ಗುಂಡ್ಲುಪೇಟೆಯಲ್ಲಿತ್ತು. ಸಾಬರು ಹಲ್ಲಿನಿಂದಲೇ ಹೊಲಿಗೆ ಬಿಚ್ಚತೊಡಗಿದರು. ಒಂದು ಜೇಬಿನಿಂದ ಯಾರದೋ ದಾಖಲೆ, ಇನ್ನೊಂದರಿಂದ ಮತ್ತಾರದೋ ಪತ್ರ. ಮೊದಲ ಗಂಟೆ ಹೊಡೆಯಿತು.

"ನೀನೇ ಅಲ್ವಾ ಮಾವ ಒಲ್ದಿದ್ದು?" ಎಂದಳು ಚಾಮುಂಡಿ.

"ಒಲ್ದೋನು ನಾನೇ ಕಣಮ್ಮಿ. ಎಲ್ಲಿ ಒಲ್ದೆ ಅನ್ನೋದು ಅಲ್ಲಾಗೇ ಗೊತ್ತು!"

ಸ್ವಾಮಿಗಳು ರೇಗಿದರು. "ಇಂಥ ಕಾಗದಾನ ಮನೇಲಿ ಜೋಪಾನವಾಗಿ ಇಡಬಾರದೇನಮ್ಮ?"

"ಮನೇಲೇ ಮಡ್ಗಿವ್ನಿ ಸಾ," ಎಂದಳು ಚಾಮುಂಡಿ, ಸಾಬರ ಕೋಟಿನ ಅಂಚು ಹಿಡಿದುಕೊಂಡೇ. "ಮಾವ ಬಾಗ್ಲು ತಗೀತಾವ್ರೆ."

ಸ್ವಾಮಿಗಳು ಪೆನ್ಸಿಲ್ ಹೆರೆಯುವ ಬ್ಲೇಡನ್ನು ಮೇಜಿನಿಂದ ತಂದು ಕೊಟ್ಟು, ತಾವೇ ಕೋಟಿನ ಒಂದು ತೋಳು ಹಿಡಿದು ನಿಂತರು. ತೋಳು ಕಳಚಿತು, ಬೆನ್ನು ಕಳಚಿತು; ಕಟ್ಟಕಡೆಗೆ ಕಾಲರ್ ಸೀಳಿದಾಗ ದಪ್ಪ ಕಾಗದದ ಟಿಕೆಟ್ಟು ಟಪ್ಪೆಂದು ನೆಟ್ಟಗಾಯಿತು.

"ಯಾ ಅಲ್ಲಾ, ನನ್ನ ಕತ್ತು ಹಿಡ್ಕೊಂಡಿದ್ದು ನೀನೇನಾ!" ಎಂದು ಸಾಬರು ಕೂಗಿದರು. ಎರಡನೆಯ ಗಂಟೆಗೆ ಸರಿಯಾಗಿ ಹುಡುಗಿ ಒಳಕ್ಕೆ ಓಡಿದಳು. ಸಾಬರ ಕತ್ತು ಸಲೀಸಾಗಿ ತಿರುಗಿ ಅವಳು ಬೆಂಚಿನಲ್ಲಿ ಕೂರುವವರೆಗೂ ನೋಡಿತು.

ಫಲಿತಾಂಶ ಬಂದ ದಿನ ಚಾಮುಂಡಿ ಪಾಸಾದ ಪತ್ರವನ್ನು ನೇರವಾಗಿ ಅಂಗಡಿಗೆ ತಂದಳು. ಅಷ್ಟರಲ್ಲಿ ಹೊಸ ಕೋಟು ಸಿದ್ಧವಾಗಿತ್ತು, ಮೊದಲಿನದಕ್ಕಿಂತ ಮೊಳ ಅಗಲ. ಊರೂರಿಗೂ ಇಂಥವರು ಒಬ್ಬಿಬ್ಬರಾದರೂ ಇರುತ್ತಾರೆ: ಎಲ್ಲಿ ಏನಿಟ್ಟೆವೆಂಬುದು ಅವರಿಗೆ ಸದಾ ಮರೆವು, ಯಾರದನ್ನು ಇಟ್ಟುಕೊಂಡಿದ್ದೇವೆ ಎಂಬುದನ್ನು ಮಾತ್ರ ಅವರ ಕತ್ತೂ ಮರೆಯುವುದಿಲ್ಲ.