ಐದು ಕಿಲೋಹರ್ಟ್ಸಿನ ತಗ್ಗು

೧೯೯೮ರಲ್ಲಿ ನಾನು ಒಂದೇ ಒಂದು ಟ್ರಾನ್ಸಿಸ್ಟರ್ ಹಾಕಿ ಆಂಪ್ಲಿಫೈಯರ್ ಕಟ್ಟಿದ್ದೆ. ಹುಬ್ಬಳ್ಳಿಯಲ್ಲಿ ಅದರ ಮೈಕಿನ ಮೇಲೆ ಒಂದು ಇರುವೆ ನಡೆದು ಹೋದರೆ ಸಾಕು, ಧಾರವಾಡದ ಜನ ಯಾರೋ ಬಂದರೆಂದು ಬಾಗಿಲು ತೆರೆಯುತ್ತಿದ್ದರು. ನಡುವೆ ಸಿಕ್ಕಿಕೊಂಡ ನವನಗರದವರು ಕಿವಿಗೆ ಅರಳೆ ತುರುಕಿಕೊಂಡು ನನ್ನ ಮೇಲೆ ಅರ್ಜಿ ಕೊಟ್ಟಿದ್ದರು. ನಂಬದವರು ಆ ಇರುವೆಯನ್ನೇ ಕೇಳಿ.

ನಮ್ಮಪ್ಪ ಅರ್ಜುನಪ್ಪ ಹಳೇ ಹುಬ್ಬಳ್ಳಿಯಲ್ಲಿ ಲಗ್ನಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ. ಸರಿಯಾಗಿ ಅಕ್ಷತೆಯ ಹೊತ್ತಿಗೆ ಅವನ ಆಂಪ್ಲಿಫೈಯರಿನಲ್ಲಿ ಒಂದು ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತಿತ್ತು. ಯಾಕೆಂದು ತಿಳಿಯಲಿಕ್ಕೇ ನನ್ನನ್ನು ಬಿ.ಎಸ್ಸಿ. ಎಲೆಕ್ಟ್ರಾನಿಕ್ಸಿಗೆ ಹಚ್ಚಿದ. ಕಡೆಯ ವರ್ಷದ ಪರೀಕ್ಷೆಗೆ ಇನ್ನೂ ಮೂರು ತಿಂಗಳಿರುವಾಗಲೇ ಅಂಗಡಿಗೆ ಹೊಸ ಬೋರ್ಡ್ ಬರೆಸಿಬಿಟ್ಟ: ‘ದುರ್ಗೇಶ ಸೌಂಡ್ ಸರ್ವಿಸ್. ಮಾಲಕರು: ದುರ್ಗೇಶ, ಎಲೆಕ್ಟ್ರಾನಿಕ್ಸ್ ಪದವೀಧರರು.’

“ಯಪ್ಪಾ, ಪಾಸಾಗೂತನಾ ತಡೀಬೇಕಿತ್ತಲ್ಲೋ,” ಎಂದೆ.

“ಪೇಂಟರ್ ಈಗ ಖಾಲಿ ಅದಾನ. ಮುಂದ ಇಲೆಕ್ಷನ್ನಿನ ಗ್ವಾಡಿ ಬರ್ಯಾಕ ಹೋಗ್ತಾನ. ನೀ ನಪಾಸಾದ್ರ ಬೋರ್ಡ್ ತಗ್ಯಂಗಿಲ್ಲ, ನಿನ್ನ ಹೆಸರು ಅಷ್ಟ ಅಳಿಸಿ ನಿನ್ನ ತಂಗಿ ದ್ರಾಕ್ಷಾಯಿಣಿ ಹೆಸರು ಬರಸ್ತೇನಿ. ಆಕಿ ಓದ್ತಾಳ.”

ಥಿಯರಿಗೆ ನಾನು ಹೆದರುವವನಲ್ಲ. ನಾನು ಬರೆಯುವ ವೇಗಕ್ಕೆ ಪೆನ್ನಿನ ತುದಿಯಿಂದ ಹೊಗೆ ಬರುತ್ತಿತ್ತು. ಕುತ್ತಿಗೆಗೆ ಬಂದದ್ದು ಪ್ರಾಕ್ಟಿಕಲ್. ನಮ್ಮ ಲ್ಯಾಬಿನಲ್ಲಿ ರೀಡಿಂಗ್ ತೆಗೆಯುವ ಪದ್ಧತಿಯೇ ಇರಲಿಲ್ಲ. ಹಿಂದಿನ ವರ್ಷದವರ ಜರ್ನಲ್ ತೆರೆದು ಮೊದಲು ಗ್ರಾಫ್ ಬಿಡಿಸುವುದು, ಆಮೇಲೆ ಗ್ರಾಫಿಗೆ ಒಪ್ಪುವ ಅಂಕಿ ತುಂಬುವುದು. ಅವರೂ ತಮ್ಮ ಹಿಂದಿನವರದನ್ನು ನೋಡಿಯೇ ಬರೆದಿರುತ್ತಿದ್ದರು. ಎಲ್ಲದರ ಮೂಲದಲ್ಲಿದ್ದದ್ದು ಯಜ್ಞೇಶ್ವರ ಎಂಬ ಪುಣ್ಯಾತ್ಮನ ೧೯೮೬ರ ಜರ್ನಲ್. ಅವನನ್ನು ನಾವ್ಯಾರೂ ಕಂಡವರಲ್ಲ.

ಆಂಪ್ಲಿಫೈಯರ್ ಪ್ರಯೋಗವೆಂದರೆ ಇಷ್ಟೇ: ಸಣ್ಣ ಸಿಗ್ನಲ್ ಒಳಗೆ ಬಿಟ್ಟು ಅದು ಎಷ್ಟು ಪಟ್ಟು ದೊಡ್ಡದಾಗಿ ಹೊರಬಂತು ಎಂದು ಅಳೆಯಬೇಕು. ಎಷ್ಟು ಪಟ್ಟು ಎಂಬ ಆ ಲೆಕ್ಕಕ್ಕೇ ಗೇನ್ ಎನ್ನುತ್ತಾರೆ. ಫ್ರಿಕ್ವೆನ್ಸಿ ಏರಿಸುತ್ತ ಹೋದಂತೆ ಗೇನ್ ಮೊದಲು ಏರುತ್ತದೆ, ನಡುವೆ ಮೈದಾನದ ಹಾಗೆ ಸಪಾಟಾಗುತ್ತದೆ, ಕಡೆಗೆ ಇಳಿಯುತ್ತದೆ. ಪುಸ್ತಕದಲ್ಲಿರುವುದು ಹಾಗೆ. ನಮ್ಮ ಕಾಲೇಜಿನ ಗ್ರಾಫಿನಲ್ಲಿ ಮಾತ್ರ ಆ ಮೈದಾನದ ನಟ್ಟನಡುವೆ, ಸರಿಯಾಗಿ ಐದು ಕಿಲೋಹರ್ಟ್ಸಿನಲ್ಲಿ, ಒಂದು ತಗ್ಗು. ಆಚೀಚೆ ನಲವತ್ತೆರಡು, ಅಲ್ಲಿ ಹತ್ತೊಂಬತ್ತು. ಹನ್ನೆರಡು ವರ್ಷ ಎಲ್ಲರೂ ಆ ತಗ್ಗನ್ನು ಶ್ರದ್ಧೆಯಿಂದ ತೋಡಿದ್ದರು.

ಉಳಿದವರು ಬಾಯಿ ಮುಚ್ಚಿಕೊಂಡು ತೋಡಿದರು. ನಾನು ಅದಕ್ಕೊಂದು ಸಿದ್ಧಾಂತ ಕೊಟ್ಟೆ: ಐದು ಕಿಲೋಹರ್ಟ್ಸಿಗೆ ಬಂದಾಗ ಟ್ರಾನ್ಸಿಸ್ಟರ್ ಒಮ್ಮೆ ಉಸಿರು ತೆಗೆದುಕೊಳ್ಳುತ್ತದೆ, ಜರ್ಮೇನಿಯಂನದಾದರೆ ಎರಡು ಸಲ. ಕೇಶ್ವಾಪುರದಿಂದ ಗೋಕುಲ ರಸ್ತೆಯವರೆಗೆ ಜೂನಿಯರುಗಳು ಇದನ್ನು ಬಾಯಿಪಾಠ ಮಾಡಿದರು. ನನ್ನ ಲ್ಯಾಬ್ ಜೋಡಿ ಗೀತಾಂಜಲಿಗೆ ಮಾತ್ರ ಭಕ್ತಿ ಕಡಿಮೆ.

“ದುರ್ಗೇಶ, ಒಮ್ಮೆ ಖರೇನ ಅಳದು ನೋಡೂಣಲ್ಲ?”

“ಹನ್ನೆರಡು ವರ್ಷದಿಂದ ಹಿರಿಯರು ಸುಳ್ಳ ಬರದಾರೇನು?”

“ಬರದಾರ, ಖರೇ. ನೋಡಿ ಬರದಾರೋ ಇಲ್ಲೋ?”

ಪರೀಕ್ಷೆಯ ದಿನ ಚೀಟಿ ಎತ್ತಿದೆ. ಅದೇ ಆಂಪ್ಲಿಫೈಯರ್. ಗೆದ್ದೆ ಎಂದುಕೊಂಡೆ. ಸರ್ಕೀಟು ಜೋಡಿಸಿದ್ದೇ ತಡ, ನನ್ನ ಕೈಗುಣಕ್ಕೆ, ಸಿಗ್ನಲ್ ತೋರಿಸುವ ಸಿ.ಆರ್.ಓ. ಪರದೆಯ ಮೇಲೆ ಹಸಿರು ತೆರೆ ಎದ್ದು ನಿಂತಿತು. ಅದರ ಕಡೆ ತಿರುಗಿಯೂ ನೋಡದೆ ಇಪ್ಪತ್ತೊಂದು ರೀಡಿಂಗುಗಳನ್ನು ಹತ್ತೇ ನಿಮಿಷದಲ್ಲಿ ನೆನಪಿನಿಂದ ಬರೆದು, ಗ್ರಾಫ್ ಎಳೆದು, ಕೈ ಕಟ್ಟಿ ಕುಳಿತೆ. ಧಾರವಾಡದಿಂದ ಪರೀಕ್ಷಕರಾಗಿ ಬಂದಿದ್ದ ವಿಜಯೀಂದ್ರ ಸರ್ ಹಾಳೆ ಎತ್ತಿಕೊಂಡರು.

“ಇದೇನೋ, ಇಲ್ಲೊಂದು ತಗ್ಗು ಅದ?”

“ಟ್ರಾನ್ಸಿಸ್ಟರ್ ಅಲ್ಲಿ ಉಸಿರು ತಗೋತೈತ್ರಿ ಸರ್.”

“ಹೌದಾ? ಇಪ್ಪತ್ತು ವರ್ಷ ಕಲಿಸೀನಿ, ಉಸಿರಾಡೋದು ಒಂದೂ ನನ್ನ ಕೈಗೆ ಸಿಕ್ಕಿಲ್ಲಪಾ. ತೋರಿಸು, ಪುಣ್ಯಾ ಬರ್ತದ.”

ಗುಂಡಿ ತಿರುವಿದೆ. ನಾಲ್ಕು. ನಾಲ್ಕೂವರೆ. ಐದು. ತೆರೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಸ್ವಲ್ಪ ಹಿಂದೆ ತಂದೆ, ಮುಂದೆ ಒಯ್ದೆ, ಸರ್ ಕಣ್ಣು ತಪ್ಪಿಸಿ ಟೇಬಲ್ಲಿಗೆ ಮೊಣಕಾಲಿನಿಂದ ಗುದ್ದಿದೆ. ಊಹೂಂ. ಜನ್ಮದಲ್ಲಿ ಮೊದಲ ಸಲ ನನ್ನದೊಂದು ಸರ್ಕೀಟು ಸರಿಯಾಗಿ ಕೆಲಸ ಮಾಡಿತ್ತು. ಅದೇ ನನ್ನ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು.

“ಎಲ್ಲಿ ಅದೋ ತಗ್ಗು?”

“ಇವತ್ತ... ಸೆಖಿ ಭಾಳ ಐತ್ರಿ ಸರ್.”

“ಸೆಖಿ ಇದ್ರ ಇನ್ನೂ ಜೋರ್ ಉಸಿರು ಬಿಡಬೇಕಲ್ಲೋ!”

ಪಕ್ಕದ ಟೇಬಲ್ಲಿನಲ್ಲಿ ಗೀತಾಂಜಲಿ ಕೆಮ್ಮಿದಳು. ಅಷ್ಟರಲ್ಲಿ ಪರೀಕ್ಷಕರಿಗೆ ಚಹಾ ತಂದ ಗೌಸಮೊದ್ದೀನ ಚಾಚಾ ಗ್ರಾಫಿನ ಮೇಲೆ ಬಗ್ಗಿ ನಕ್ಕುಬಿಟ್ಟ. ಇಪ್ಪತ್ತು ವರ್ಷದಿಂದ ಆ ಲ್ಯಾಬಿನ ಅಟೆಂಡರ್ ಅವನು.

“ಸಾಹೇಬ್ರ, ಆ ತಗ್ಗು ನಂದರಿ.”

“ನಿಂದು?”

“ಯಜ್ಞೇಶ್ವರ ಅಂತ ಒಬ್ಬ ಹುಡುಗ ಇದ್ದನ್ರಿ, ಭಾಳ ಸಾಚಾ. ಅಂವ ಐದರ ರೀಡಿಂಗ್ ತಗ್ಯಾಕತ್ತಾಗ ನನ್ನ ಚಾದ ಟ್ರೇ ಟೇಬಲ್ಲಿಗೆ ಬಡೀತು. ವೈರ್ ಸಡ್ಲಾತು, ತೆರಿ ಇಳೀತು. ಅಂವ ಕಂಡದ್ದು ಕಂಡಂಗ ಬರಕೊಂಡ. ಆಮ್ಯಾಲೆ ನಾನ ವೈರ್ ಬಿಗಿ ಮಾಡಿ ಕೊಟ್ಟೆ.”

“ಮತ್ತ ಇಷ್ಟು ವರ್ಷ ಹೇಳಬಾರದಾ?”

“ಯಾರು ಕೇಳಿದ್ರರಿ? ವರ್ಷಾ ವರ್ಷಾ ಎಲ್ಲಾರೂ ಹಂಗ ಬರ್ಯಾಕತ್ತಿದ್ರು. ಸಿಲೆಬಸ್ಸಿನ್ಯಾಗ ಬಂದೈತೇನೋ ಅಂದಕೊಂಡೆ.”

ಸರ್ ನಗಲಿಲ್ಲ. “ತಪ್ಪು ಅಂಕಿ ಬರದ ಆ ಹುಡುಗ ಒಬ್ಬನೇ ಕಣ್ಣು ತೆರೆದು ನೋಡ್ಯಾನ. ನೀ ಹೇಳು, ನಿನ್ನ ಜರ್ನಲ್ಲಿನ್ಯಾಗ ನೀ ನೋಡಿ ಬರದದ್ದು ಎಷ್ಟು?”

ಕಣ್ಣ ಮುಂದೆ ಬೋರ್ಡ್ ಬಂತು. ಪೇಂಟರ್ ನನ್ನ ಹೆಸರಿನ ಮೇಲೆ ಬ್ರಷ್ ಆಡಿಸಿದ್ದೂ ಕಂಡಿತು. ನಾಲಿಗೆಯ ತುದಿಯಲ್ಲಿ ಹತ್ತು ಉತ್ತರಗಳಿದ್ದವು. ಆದರೆ ಆ ಹಾಳು ತೆರೆ ಐದರಲ್ಲಿ ಇನ್ನೂ ನೆಟ್ಟಗೆ ನಿಂತೇ ಇತ್ತು.

“ಒಂದೂ ಇಲ್ರಿ ಸರ್. ಮೂರು ವರ್ಷದಾಗ ಒಂದು ರೀಡಿಂಗೂ ತಗೊಂಡಿಲ್ರಿ.”

ಅವರು ಹಾಳೆಯನ್ನು ಎರಡಾಗಿ ಹರಿದರು. “ಇನ್ನ ನಲವತ್ತು ನಿಮಿಷ ಅದ. ಈಗ ತಗೋ.”

ಒಂದೊಂದನ್ನೂ ಪರದೆ ನೋಡಿಯೇ ಬರೆದೆ. ಒಂಬತ್ತೇ ರೀಡಿಂಗ್ ಆದವು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ ಬಿತ್ತು, ಒಂದೂ ಹೆಚ್ಚಿಲ್ಲ. ಬೋರ್ಡ್ ಉಳಿಯಿತು.

ಇನ್ನು ಇರುವೆಯ ವಿಷಯ. ಇರುವೆ ಇರಲಿಲ್ಲ. ಮೈಕೂ ಇರಲಿಲ್ಲ. ನನ್ನ ಆಂಪ್ಲಿಫೈಯರಿನ ದನಿ ಪಕ್ಕದ ಟೇಬಲ್ಲಿನ ಗೀತಾಂಜಲಿಗೂ ಕೇಳಿಲ್ಲ, ಯಾಕೆಂದರೆ ಅದಕ್ಕೆ ಸ್ಪೀಕರನ್ನೇ ಹಚ್ಚಿರಲಿಲ್ಲ. ಕೈಗುಣವೂ ನನ್ನದಲ್ಲ, ನಾನು ಉಲ್ಟಾ ಹಚ್ಚಿದ್ದ ವೈರನ್ನು ಜೋಡಿಸುವಾಗಲೇ ಚಾಚಾ ಕಣ್ಸನ್ನೆಯಲ್ಲಿ ತೋರಿಸಿದ್ದ. ಗೇನ್ ಬರೀ ನಲವತ್ತೆರಡು. ಐದು ಕಿಲೋಹರ್ಟ್ಸಿನಲ್ಲೂ ನಲವತ್ತೆರಡೇ. ಅದನ್ನು ಮಾತ್ರ ನಾನೇ ನೋಡಿದ್ದೇನೆ.

ಅಪ್ಪನ ಟ್ರಾನ್ಸಿಸ್ಟರ್ ಅಕ್ಷತೆಯ ಹೊತ್ತಿಗೇ ಯಾಕೆ ಸುಡುತ್ತದೆ ಎಂಬುದು ಬೋರ್ಡಿನ ಮೇಲಿರುವ ಪದವೀಧರನಿಗೆ ಇವತ್ತಿಗೂ ಗೊತ್ತಿಲ್ಲ.